ಹಸಿರು ಕಿಲುಬಿನ ಜಾಡು

ಮನೆಯ ಚೆಂಬು ತನ್ನ ಹೆಸರನ್ನು ಪಡೆದುದು ತಾಮ್ರದಿಂದ. ಹಿಂದೆ ಕನ್ನಡದಲ್ಲಿ ಚೆಂಬೆಂದರೆ ತಾಮ್ರವೇ. ಆದರೆ ಈ ಲೋಹವು ನೆಲದೊಳಗೆ ಚೆಂಬಿನಂತೆ ಹೊಳೆಯುತ್ತಿರುವುದು ಬಲು ಅಪರೂಪ. ಸಾಮಾನ್ಯವಾಗಿ ಅದು ಗಂಧಕದೊಡನೆ ಕೂಡಿ ಅದಿರಾಗಿರುತ್ತದೆ. ಅಮೆರಿಕದ ಸುಪೀರಿಯರ್ ಮಹಾಸರೋವರದ ದಕ್ಷಿಣ ದಡ ಮಾತ್ರ ಇದಕ್ಕೆ ಹೊರತು. ಅಲ್ಲಿ ಅಪ್ಪಟ ತಾಮ್ರವೇ ಗಟ್ಟಿಗಟ್ಟಿಯಾಗಿ ದೊರೆಯುತ್ತಿತ್ತು. ಹುಡುಕಹೋದವರನ್ನು ದಾರಿ ತಪ್ಪಿಸಿದುದೂ ಅದೇ.

ಆಂಟನಾಗನ್ ಹೊಳೆಯ ದಂಡೆಯಲ್ಲಿ ಒಂದೂವರೆ ಟನ್ನಿಗೂ ಮೀರಿದ ತಾಮ್ರದ ಬಂಡೆಯೊಂದಿತ್ತು. 1771ರಲ್ಲಿ ಅಲೆಕ್ಸಾಂಡರ್ ಹೆನ್ರಿ ಎಂಬ ವರ್ತಕನು ಅದನ್ನೇ ನಂಬಿ ಸಮೀಪದ ದಿಣ್ಣೆಯನ್ನು ಅಗೆಯಿಸಿದನು. ನಲವತ್ತು ಅಡಿ ಹೋದರೂ ಬರಿಯ ಜೇಡಿಮಣ್ಣು! ಚಳಿಗಾಲ ಕಳೆದು ಹಿಮ ಕರಗಿದಾಗ ಸುರಂಗವೇ ಕುಸಿಯಿತು. ಬಂಡೆ ಆ ಸ್ಥಳದ್ದಲ್ಲ. ಹಿಮಯುಗದಲ್ಲಿ ಹಿಮನದಿಯು ಎಲ್ಲಿಂದಲೋ ಹೊತ್ತು ತಂದು ಬಿಸುಟದ್ದು. ಬಾಗಿಲಲ್ಲಿ ಅತಿಥಿಯ ಪಾದರಕ್ಷೆಗಳನ್ನು ಕಂಡು ಅವನ ಮನೆ ಇದೇ ಎಂದು ತೀರ್ಮಾನಿಸಿದಂತಾಯಿತು.

1840ರಲ್ಲಿ ಮಿಷಿಗನ್ ರಾಜ್ಯದ ಭೂವಿಜ್ಞಾನಿ ಡಗ್ಲಸ್ ಹೋಟನ್ ಆ ದಡವನ್ನು ಸುತ್ತಿದಾಗ ಬಿಡಿಬಂಡೆಗಳಿಗೆ ಮರುಳಾಗದೆ ನೆಲದ ಕಲ್ಲನ್ನೇ ಪರಿಶೀಲಿಸಿದನು. ಇಂದಿನ ಲೆಕ್ಕದಂತೆ, ನೂರಹತ್ತು ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸವದು. ಅದರ ಬಿರುಕುಗಳಲ್ಲಿ ಮುಂದೆ ಬಿಸಿನೀರು ಹರಿದು ಬೆಣಚುಕಲ್ಲು, ಕ್ಯಾಲ್ಸೈಟ್ ಮೊದಲಾದವನ್ನು ತುಂಬಿತು. ಅವುಗಳೊಡನೆ ತಾಮ್ರವನ್ನೂ ಇಳಿಸಿತು. ಗಂಧಕ ವಿರಳವಾಗಿದ್ದುದರಿಂದ ತಾಮ್ರ ತಾಮ್ರವಾಗಿಯೇ ಉಳಿಯಿತು. ಕಪ್ಪು ಬಂಡೆಯಲ್ಲಿ ಬಿಳಿಯ ಎಳೆ, ಅದರ ಮೈಮೇಲೆ ಹಸಿರು ಕಿಲುಬು - ಹುಡುಕುವವನಿಗೆ ಇದೇ ಗುರುತು.

1841ರ ವರದಿಯಲ್ಲಿ ಹೋಟನ್ ತಾಮ್ರವುಂಟೆಂದನು. ಒಮ್ಮೆಗೇ ಸಿರಿವಂತರಾಗುವ ಆಸೆಯಿಂದ ಧಾವಿಸಬೇಡಿರೆಂದೂ ಎಚ್ಚರಿಸಿದನು. ಜನಕ್ಕೆ ಕೇಳಿಸಿದುದು ಮೊದಲನೆಯ ಮಾತು ಮಾತ್ರ. 1842ರ ಒಪ್ಪಂದದಲ್ಲಿ ಓಜಿಬ್ವೆ ಜನರು ಆ ನೆಲವನ್ನು ಬಿಟ್ಟುಕೊಡಬೇಕಾಯಿತು, ಮರುವರ್ಷವೇ ನೂಕುನುಗ್ಗಲು. ಕಾಪರ್ ಹಾರ್ಬರ್‌ನಲ್ಲಿ ಕಪ್ಪು ಅದಿರಿನ ಎಳೆಯೊಂದನ್ನು ಕಂಡು ಹಿಗ್ಗಿದವರು, ಕೆಳಗಿಳಿದಂತೆ ಅದು ಕೈಕೊಟ್ಟಾಗ ಪೆಚ್ಚಾದರು. ಕ್ಲಿಫ್ ಗಣಿಯವರ ಕಷ್ಟವೇ ಬೇರೆ. ಅಲ್ಲಿ ದೊರೆತ ತಾಮ್ರದ ಗಟ್ಟಿಗಳು ಸಿಡಿಮದ್ದಿಗೂ ಒಡೆಯುತ್ತಿರಲಿಲ್ಲ! ಲೋಹದ ಜಿಗುಟುತನ ಅಂಥದು. ಕೂಲಿಗಳು ಉಳಿ ಹಿಡಿದು ಅವನ್ನು ಕಡಿಕಡಿದು ಹೊರತೆಗೆಯಬೇಕಾಗಿತ್ತು. ಆ ಸಂಪತ್ತನ್ನು ಹೋಟನ್ ಕಾಣಲಿಲ್ಲ. 1845ರ ಅಕ್ಟೋಬರ್ 13ರಂದು ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿ ಅದೇ ಸರೋವರದಲ್ಲಿ ಮುಳುಗಿ ಸತ್ತನು. ಆಗ ಅವನಿಗೆ ಮೂವತ್ತಾರರ ಪ್ರಾಯ.

1847-48ರ ಚಳಿಗಾಲದಲ್ಲಿ ನ್ಯಾಪ್ ಎಂಬ ಮೇಲ್ವಿಚಾರಕನು ಕಾಡಿನಲ್ಲಿ ಸಾಲಾಗಿದ್ದ ತಗ್ಗುಗಳನ್ನು ಕಂಡು ಕುತೂಹಲದಿಂದ ಕೆದಕಿಸಿದನು. ಒಳಗೆ ಕಲ್ಲಿನ ಸುತ್ತಿಗೆಗಳು. ಮರದ ದಿಮ್ಮಿಗಳ ಮೇಲೆ ಎತ್ತಿರಿಸಿದ, ಸುಮಾರು ಆರು ಟನ್ ತೂಕದ ತಾಮ್ರದ ಗಟ್ಟಿ! ಆ ನಾಡಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿ ತಾಮ್ರವನ್ನು ಅಗೆಯುತ್ತ ಬಂದಿದ್ದರು. ಮುಂದೆ ಎಷ್ಟೋ ಗಣಿಗಾರರು ಹೊಸ ಎಳೆಯನ್ನು ಅರಸುವ ಗೋಜಿಗೆ ಹೋಗದೆ, ಆ ಹಳೆಯ ಕುಳಿಗಳ ಸಾಲನ್ನೇ ಹಿಡಿದು ಗಣಿ ತೋಡಿದರು.