ಮಿಕ್ಕಿಗೆ 1 ಡಾಲರ್, ನಿಮಗೆ 35

“ಖಾಸಗಿ ಕಂಪನಿ ಸ್ವಾಮಿ, ಅವರ ಜಾಗ, ಅವರ ರೇಟು. ಆಗದಿದ್ದರೆ ಹೋಗಬೇಡಿ.” ಡಿಸ್ನಿಲ್ಯಾಂಡಿನ ಪಾರ್ಕಿಂಗ್ ದರದ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೆ ಸಾಕು, ಈ ಉತ್ತರ ಬಂದು ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಟೆಕ್ಕಿಗಳಿಂದ ಹಿಡಿದು, ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ನಿವೃತ್ತ ಮೇಷ್ಟ್ರವರೆಗೆ ಎಲ್ಲರ ಬಾಯಲ್ಲೂ ಇದೇ. ಅರ್ಥಶಾಸ್ತ್ರವೆಲ್ಲ ಈ ಒಂದೇ ಸಾಲಿನಲ್ಲಿ ಮುಗಿದುಹೋಯಿತು ಎಂಬ ಗತ್ತು ಬೇರೆ.

ಆ ಪಾರ್ಕಿಂಗ್ ಕಟ್ಟಡ ಕಟ್ಟಿದ್ದು ಅವರಲ್ಲ. ಅಲ್ಲಿಂದಲೇ ಶುರುಮಾಡೋಣ.

1996ರಲ್ಲಿ, ಡಿಸ್ನಿಲ್ಯಾಂಡ್ ಇರುವ ಆನಹೈಮ್ ನಗರದ ಆಡಳಿತ ಡಿಸ್ನಿ ಕಂಪನಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಹಳೆಯ ವಿಶಾಲ ಪಾರ್ಕಿಂಗ್ ಮೈದಾನದ ಮೇಲೆ ಕಂಪನಿ ಎರಡನೆಯ ಪಾರ್ಕ್ ಕಟ್ಟಬೇಕಿತ್ತು. 2001ರಲ್ಲಿ ಬಾಗಿಲು ತೆರೆದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಅದೇ. ಹಾಗಾದರೆ ಕಾರುಗಳೆಲ್ಲಿ ನಿಲ್ಲಬೇಕು? ಅದರ ಚಿಂತೆಯನ್ನು ನಗರವೇ ಹೊತ್ತುಕೊಂಡಿತು. ರಸ್ತೆ, ಬೀದಿದೀಪ, ಸಮಾವೇಶ ಕೇಂದ್ರ, ಪಾರ್ಕಿಂಗ್ ಕಟ್ಟಡ ಎಲ್ಲ ಸೇರಿಸಿ 51 ಕೋಟಿ ಡಾಲರ್‌ನ ಬಾಂಡ್ ಎತ್ತಿತು. 2000ದಲ್ಲಿ ‘ಮಿಕ್ಕಿ ಆ್ಯಂಡ್ ಫ್ರೆಂಡ್ಸ್’ ಎಂಬ ಮುದ್ದಾದ ಹೆಸರು ಹೊತ್ತು, ಸುಮಾರು ಹತ್ತು ಸಾವಿರ ಕಾರು ನಿಲ್ಲುವ ಬಹುಮಹಡಿ ಕಟ್ಟಡ ಎದ್ದು ನಿಂತಿತು. ನಗರ ಅದನ್ನು ಡಿಸ್ನಿಗೆ ಬಾಡಿಗೆಗೆ ಕೊಟ್ಟಿತು. ಬಾಡಿಗೆ ವರ್ಷಕ್ಕೆ 1 ಡಾಲರ್. ತಿಂಗಳಿಗಲ್ಲ, ಕಾರಿಗಲ್ಲ, ಇಡೀ ಕಟ್ಟಡಕ್ಕೆ, ಇಡೀ ವರ್ಷಕ್ಕೆ. ಪಾರ್ಕಿಂಗ್ ಶುಲ್ಕ ಪೂರ್ತಿ ಕಂಪನಿಗೆ. ಸಾಲ ತೀರಿದ ಮೇಲೆ ಕಟ್ಟಡವೂ ಕಂಪನಿಗೆ. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ ಅಂತ ನಮ್ಮಲ್ಲಿ ಒಂದು ಮಾತಿದೆ. ಆನಹೈಮಿನಲ್ಲಿ ಯಲ್ಲಮ್ಮನ ಬದಲು ಇಲಿರಾಯ ಕೂತಿದ್ದಾನೆ, ಅಷ್ಟೆ.

ಮುಂದೆ ಒಂದು ಕಾರಿನ ದಿನದ ಪಾರ್ಕಿಂಗ್ ದರ 30 ಡಾಲರ್‌ನಿಂದ 35ಕ್ಕೆ ಏರಿತು. ಲೆಕ್ಕ ಹಾಕಲು ಐಐಟಿಗೆ ಹೋಗಬೇಕಿಲ್ಲ. ಆ ದರದಲ್ಲಿ, ಬೆಳಗ್ಗೆ ಗೇಟು ತೆರೆದಾಗ ಒಳಗೆ ಬರುವ ಮೊದಲ ಕಾರೊಂದೇ 35 ವರ್ಷದ ಬಾಡಿಗೆ ಕಟ್ಟಿಬಿಡುತ್ತದೆ. ಮೂರನೆಯ ಕಾರು ಬರುವಷ್ಟರಲ್ಲಿ ನೂರು ವರ್ಷ ದಾಟಿತು. ಉಳಿದ ಒಂಬತ್ತು ಸಾವಿರದ ಚಿಲ್ಲರೆ ಕಾರುಗಳ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳಿದರೆ, “ಖಾಸಗಿ ಕಂಪನಿ ಸ್ವಾಮಿ!”

ಇಲ್ಲಿ ಒಂದು ಸಮರ್ಥನೆ ಬರುತ್ತದೆ, ಗೊತ್ತು. ಬಾಂಡಿನ ಸಾಲ ತೀರುವುದು ರೆಸಾರ್ಟ್ ಪ್ರದೇಶದಿಂದಲೇ ಬರುವ ತೆರಿಗೆಯಿಂದ, ಊರಿನ ಬಡಪಾಯಿ ಜೇಬಿನಿಂದಲ್ಲ ಅಂತ. ಆಹಾ. ಆ ತೆರಿಗೆ ಕಟ್ಟುವವರು ಯಾರು? ಆನಹೈಮಿನಲ್ಲಿ ಹೋಟೆಲ್ ಕೋಣೆಯ ಬಾಡಿಗೆ ಮೇಲೆ ಶೇ 15 ತೆರಿಗೆ ಇದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಎರಡು ರಾತ್ರಿ ಅಲ್ಲಿ ತಂಗುವ ನಮ್ಮ ಹುಡುಗನೇ ಆ ಕಟ್ಟಡದ ಸಾಲವನ್ನೂ ತೀರಿಸುತ್ತಾನೆ, ಅದೇ ಕಟ್ಟಡದೊಳಗೆ ಕಾರು ನಿಲ್ಲಿಸಲು ದಿನದ ಶುಲ್ಕವನ್ನೂ ಕೊಡುತ್ತಾನೆ. ಆ ತೆರಿಗೆ ಊರಿನ ಗ್ರಂಥಾಲಯಕ್ಕೆ, ಪಾರ್ಕಿಗೆ, ಅಗ್ನಿಶಾಮಕ ದಳಕ್ಕೆ ಹೋಗಬಹುದಿತ್ತು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಈ ಕಥೆಯನ್ನು ಲಾಸ್ ಏಂಜಲೀಸ್ ಟೈಮ್ಸ್ 2017ರಲ್ಲಿ ವಿವರವಾಗಿ ಬರೆಯಿತು. ಡಿಸ್ನಿ ಏನು ಮಾಡಿತು ಗೊತ್ತೇ? ಆ ಪತ್ರಿಕೆಯ ಸಿನಿಮಾ ವಿಮರ್ಶಕರಿಗೆ ತನ್ನ ಚಿತ್ರಗಳ ಮುಂಗಡ ಪ್ರದರ್ಶನವನ್ನೇ ಬಂದ್ ಮಾಡಿತು. ಪಾರ್ಕಿಂಗ್ ಬಗ್ಗೆ ಬರೆದರೆ ಸಿನಿಮಾ ತೋರಿಸುವುದಿಲ್ಲ! ಅಮೆರಿಕದ ನಾಲ್ಕು ವಿಮರ್ಶಕರ ಸಂಘಗಳು ಸಿಡಿದೆದ್ದು, ಹಾಗಾದರೆ ನಿಮ್ಮ ಚಿತ್ರಗಳನ್ನು ನಮ್ಮ ಪ್ರಶಸ್ತಿಗೆ ಪರಿಗಣಿಸುವುದಿಲ್ಲ ಎಂದ ಮೇಲೆ ಕೆಲವೇ ದಿನಗಳಲ್ಲಿ ಕಂಪನಿ ತೆಪ್ಪಗಾಯಿತು. ಗಮನಿಸಿ, ಸಿಡಿದೆದ್ದವರು ಸಿನಿಮಾದವರು. ಪಾರ್ಕಿನ ಅಭಿಮಾನಿಗಳು ಆಗ ಯಾವ ರೈಡಿಗೆ ಹೊಸ ಬಣ್ಣ ಬಳಿದರು ಎಂದು ಚರ್ಚಿಸುತ್ತಿದ್ದರು.

ಅಭಿಮಾನಿಗಳ ಮೇಲೆ ನನ್ನ ಸಿಟ್ಟು ಇರುವುದೇ ಇಲ್ಲಿ. ಅವರಷ್ಟು ಸೂಕ್ಷ್ಮವಾಗಿ ಒಂದು ಸ್ಥಳವನ್ನು ಗಮನಿಸುವವರು ಬೇರೆ ಇಲ್ಲ. ಮೇನ್ ಸ್ಟ್ರೀಟಿನ ಯಾವ ಕಿಟಕಿಯಲ್ಲಿ ಯಾರ ಹೆಸರಿದೆ, ಪರೇಡಿನ ಯಾವ ತೇರು ಎಷ್ಟು ನಿಮಿಷ ತಡವಾಯಿತು, ಎಲ್ಲ ಬಾಯಿಪಾಠ. 2021ರ ಏಪ್ರಿಲ್ ಕೊನೆಗೆ, ಕೋವಿಡ್ ನಂತರ ಪಾರ್ಕ್ ಮತ್ತೆ ತೆರೆದಾಗ ಪಾರ್ಕಿಂಗ್ ಕಟ್ಟಡದಿಂದ ಗೇಟಿನವರೆಗೆ ಓಡುತ್ತಿದ್ದ ಟ್ರಾಮ್ ಬಂದಿರಲಿಲ್ಲ. ಮಕ್ಕಳ ಗಾಡಿ ತಳ್ಳಿಕೊಂಡು, ಮುದುಕರ ಕೈ ಹಿಡಿದುಕೊಂಡು ಜನ ಅಷ್ಟು ದೂರ ನಡೆದರು. ಟ್ರಾಮ್ ಇಲ್ಲದ ಆ ದಿನಗಳಲ್ಲೇ, ಅದೇ ವರ್ಷದ ಅಕ್ಟೋಬರಿನಲ್ಲಿ, ಪಾರ್ಕಿಂಗ್ ದರ 25ರಿಂದ 30 ಡಾಲರ್ ಆಯಿತು. ಸೇವೆ ಕಡಿಮೆ, ದರ ಹೆಚ್ಚು. ಟ್ರಾಮ್ ಮರಳಿದ್ದು 2022ರ ಫೆಬ್ರುವರಿಯಲ್ಲಿ. ಅಭಿಮಾನಿಗಳು ಏನು ಮಾಡಿದರು? ಟ್ರಾಮ್ ಬಂದ ದಿನ ಸಂಭ್ರಮಿಸಿದರು! ತಮ್ಮದೇ ದುಡ್ಡಿನ ಕಟ್ಟಡದಿಂದ, ತಾವೇ ಕೊಟ್ಟ ಶುಲ್ಕದಲ್ಲಿ ಓಡಬೇಕಿದ್ದ ಗಾಡಿ ಹತ್ತು ತಿಂಗಳು ತಡವಾಗಿ ಬಂದದ್ದಕ್ಕೆ ಧನ್ಯತಾಭಾವ.

ಇನ್ನು ಪರೇಡ್. ಪರೇಡ್ ಎಂದರೆ ನನಗೂ ಆಸೆ, ಸುಳ್ಳು ಹೇಳುವುದಿಲ್ಲ. 1972ರ ಜೂನ್‌ನಲ್ಲಿ ಶುರುವಾದ ಮೇನ್ ಸ್ಟ್ರೀಟ್ ಎಲೆಕ್ಟ್ರಿಕಲ್ ಪರೇಡ್‌ನ ಆ ಸಿಂಥಸೈಜರ್ ರಾಗ ಕೇಳಿದರೆ ಕಾಲು ತಾನಾಗಿ ತಾಳ ಹಾಕುತ್ತದೆ. 2015ರಲ್ಲಿ, ಪಾರ್ಕಿಗೆ ಅರವತ್ತು ತುಂಬಿದಾಗ, 15 ಲಕ್ಷ ಎಲ್‌ಇಡಿ ದೀಪಗಳ ‘ಪೇಂಟ್ ದ ನೈಟ್’ ಬಂತು. ಆಮೇಲೆ ಹೋಯಿತು. ಎಪ್ಪತ್ತರ ಸಂಭ್ರಮಕ್ಕೆ 2025ರ ಮೇ ತಿಂಗಳಲ್ಲಿ ಮತ್ತೆ ಬಂತು. ಹೀಗೆ ಒಳ್ಳೆಯದನ್ನು ಅಟ್ಟದಲ್ಲಿಟ್ಟು, ಜನ ಹಂಬಲಿಸುವಂತೆ ಮಾಡಿ, ವಾರ್ಷಿಕೋತ್ಸವದ ನೆಪದಲ್ಲಿ ಇಳಿಸುವುದು ಅವರ ವ್ಯಾಪಾರ. ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2016ರ ಅಕ್ಟೋಬರಿನಲ್ಲಿ ಎಲೆಕ್ಟ್ರಿಕಲ್ ಪರೇಡ್ ನಿಂತ ಮೇಲೆ, 2025ರ ಜುಲೈನಲ್ಲಿ ‘ಸ್ಟಾರ್‌ಲೈಟ್’ ಬರುವ ತನಕ, ಒಂಬತ್ತು ವರ್ಷ ಹತ್ತಿರ ಹತ್ತಿರ ರಾತ್ರಿ ಪರೇಡೇ ಇರಲಿಲ್ಲ. ಆ ಒಂಬತ್ತು ವರ್ಷ ಟಿಕೆಟ್ ದರ ಇಳಿಯಿತೇ?

ಹಬ್ಬದ ಮೆರವಣಿಗೆಗಳ ಕಥೆ ಇನ್ನೂ ಸೊಗಸು. ಫ್ಲಾರಿಡಾದಲ್ಲಿ ಡಿಸೆಂಬರಿನ ಬಹುಪಾಲು ದಿನ ಕ್ರಿಸ್‌ಮಸ್ ಪರೇಡ್ ನೋಡಬೇಕಾದರೆ ರಾತ್ರಿಯ ಪಾರ್ಟಿಗೆ ಬೇರೆ ಟಿಕೆಟ್ ಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಹ್ಯಾಲೋವೀನಿಗೆ ‘ಊಗಿ ಬೂಗಿ ಬ್ಯಾಷ್’ ಎಂಬ ಇಂಥದ್ದೇ ಪಾರ್ಟಿ. ಆ ದಿನಗಳಲ್ಲಿ ಮಾಮೂಲಿ ಟಿಕೆಟ್ಟಿನವರನ್ನು ಸಂಜೆಯೇ ಹೊರಗೆ ಕಳಿಸುತ್ತಾರೆ. ಮೆರವಣಿಗೆ ಹೊರಡುವುದು ಇನ್ನೊಮ್ಮೆ ದುಡ್ಡು ಕೊಟ್ಟವರಿಗಾಗಿ. ಅಂದರೆ ನೀವು ದಿನದ ಪೂರ್ತಿ ಪಾರ್ಕಿಂಗ್ ಶುಲ್ಕ ಕಟ್ಟಿರುತ್ತೀರಿ, ಪಾರ್ಕ್ ಮಾತ್ರ ನಿಮಗೆ ಅರ್ಧ ದಿನದ್ದು. 1999ರಿಂದ ಪುಕ್ಕಟೆ ಇದ್ದ, ಉದ್ದ ಸಾಲು ತಪ್ಪಿಸುವ ಫಾಸ್ಟ್‌ಪಾಸ್ 2021ರಲ್ಲಿ ದುಡ್ಡಿನ ಲೈಟ್ನಿಂಗ್ ಲೇನ್ ಆದದ್ದೂ ಇದೇ ದಾರಿಯಲ್ಲಿ. ಮೊದಲು ಎಲ್ಲರಿಗೂ ಕೊಡು, ಅಭ್ಯಾಸ ಮಾಡಿಸು, ಆಮೇಲೆ ಅದನ್ನೇ ಕಿತ್ತುಕೊಂಡು ಮಾರು.

ಇದನ್ನು ಪರದೇಶದ ರೋಗ ಎಂದುಕೊಂಡು ನಗಬೇಡಿ. ಮೈಸೂರಿನಲ್ಲಿ ಜಂಬೂ ಸವಾರಿಗೆ ಗೋಲ್ಡ್ ಕಾರ್ಡ್ ಮಾರುವ ಕಾಲ ಬಂದಾಗಿದೆ. ನಾಡಹಬ್ಬ ಎನ್ನುತ್ತಾರೆ, ನಾಡಿನವನು ಬಿಸಿಲಲ್ಲಿ ಮರ ಹತ್ತಿ ನೋಡಬೇಕು, ಸಾವಿರಾರು ರೂಪಾಯಿ ಕೊಟ್ಟವನಿಗೆ ಕುರ್ಚಿ. ಆನೆಗೆ ಮೇವು ಹಾಕುವುದು, ರಸ್ತೆಗೆ ಡಾಂಬರು ಹಾಕುವುದು ಯಾರ ದುಡ್ಡು? ಮರದ ಮೇಲಿರುವವನದೂ ಅದರಲ್ಲಿದೆ ತಾನೇ?

ಸರಿ, ಆನಹೈಮಿಗೇ ವಾಪಸಾಗೋಣ. ಪರೇಡಿನಲ್ಲಿ ಕುಣಿಯುವವರ ಬಗ್ಗೆ ಅಭಿಮಾನಿಗಳ ಚರ್ಚೆಯಲ್ಲಿ ಒಂದು ಮಾತು ಬರುವುದಿಲ್ಲ. ಆ ದಪ್ಪ ವೇಷದೊಳಗೆ ಬೆವರುವವರು, ತೇರಿನ ಪಕ್ಕ ಹೆಜ್ಜೆ ಹಾಕುವವರು, ಮಿಕ್ಕಿ ಮಿನ್ನಿಯಾಗಿ ಮಕ್ಕಳನ್ನು ಅಪ್ಪಿಕೊಳ್ಳುವವರು ಸುಮಾರು 1,700 ಮಂದಿ. 2024ರ ಮೇ ತಿಂಗಳಲ್ಲಿ ಅವರು ಒಕ್ಕೂಟ ಕಟ್ಟಲು ಮತ ಹಾಕಿದರು: ಪರ 953, ವಿರೋಧ 258. ಅದಕ್ಕೂ ಮೊದಲು, 2018ರಲ್ಲಿ, ರೆಸಾರ್ಟಿನ ಕಾರ್ಮಿಕರ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ, ಹಿಂದಿನ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ಇರಲು ಮನೆಯಿಲ್ಲದೆ ಕಳೆದಿದ್ದೇವೆ ಎಂದವರು ಶೇ 11. ಕೆಲವರು ಮಲಗಿದ್ದು ಕಾರಿನಲ್ಲಿ. ಕಾರು ನಿಲ್ಲಿಸಲು ಕಂಪನಿಗೆ ವರ್ಷಕ್ಕೆ 1 ಡಾಲರಿನ ಕಟ್ಟಡ ಸಿಕ್ಕಿತ್ತು, ಕೆಲಸದವನಿಗೆ ಮಲಗಲು ಕಾರೇ ಗತಿ.

ಅದೇ ವರ್ಷದ ನವೆಂಬರಿನಲ್ಲಿ ಆನಹೈಮಿನ ಮತದಾರರು ‘ಮೆಷರ್ ಎಲ್’ ಪಾಸು ಮಾಡಿದರು. ರೆಸಾರ್ಟ್ ಪ್ರದೇಶದಲ್ಲಿ ನಗರದ ಸಬ್ಸಿಡಿ ಪಡೆಯುವ ದೊಡ್ಡ ಮಾಲೀಕರು ಗಂಟೆಗೆ 15 ಡಾಲರಿನಿಂದ ಶುರುಮಾಡಿ ಹೆಚ್ಚು ಕೂಲಿ ಕೊಡಬೇಕು ಎಂಬುದು ಅದರ ಸಾರ. ಮತದಾನಕ್ಕೆ ಮೂರು ತಿಂಗಳಿರುವಾಗಲೇ ಡಿಸ್ನಿ ತಾನೇ ಕೇಳಿ ಪಡೆದಿದ್ದ 26.7 ಕೋಟಿ ಡಾಲರಿನ ಹೋಟೆಲ್ ತೆರಿಗೆ ರಿಯಾಯಿತಿಯನ್ನು ರದ್ದು ಮಾಡಿ ಎಂದು ನಗರಕ್ಕೆ ಬರೆದುಕೊಟ್ಟಿತು. ಎಂಥ ತ್ಯಾಗ! ನಮಗೆ ಸಬ್ಸಿಡಿಯೇ ಇಲ್ಲ, ಹಾಗಾಗಿ ಕಾನೂನು ನಮಗೆ ಲಾಗೂ ಆಗುವುದಿಲ್ಲ ಎಂದು ಆಮೇಲೆ ವಾದಿಸಿತು. ಕಾರ್ಮಿಕರು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟು ಕಂಪನಿಯ ಪರ ನಿಂತಿತು. 2023ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು: ಸಬ್ಸಿಡಿ ಇದೆ. ಎಲ್ಲಿದೆ? ಅದೇ 1996ರ ಒಪ್ಪಂದದಲ್ಲಿ, ಅದೇ ಬಾಂಡಿನ ವ್ಯವಸ್ಥೆಯಲ್ಲಿ. ಕೊನೆಗೆ 23.3 ಕೋಟಿ ಡಾಲರಿಗೆ ರಾಜಿಯಾಯಿತು. ಐವತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರಿಗೆ ಬರಬೇಕಿದ್ದ ಬಾಕಿ ಅದು.

ಈಗ ಹೇಳಿ, “ಖಾಸಗಿ ಕಂಪನಿ ಸ್ವಾಮಿ.” ಕ್ಯಾಲಿಫೋರ್ನಿಯಾದ ನ್ಯಾಯಾಲಯವೇ ನಂಬದ ಮಾತನ್ನು ನಮ್ಮ ಬಸವನಗುಡಿಯ ಮೇಷ್ಟ್ರು ನಂಬುತ್ತಾರೆ.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತು ಅಂದರೆ, ‘ಡಿಸ್ನಿಲ್ಯಾಂಡ್ ಮಾದರಿ’ ಎಂಬ ಮಂತ್ರ ನಮ್ಮ ವಿಧಾನಸೌಧದಲ್ಲೂ ಮೊಳಗುತ್ತಿದೆ. 2018ರಲ್ಲಿ ಸಮ್ಮಿಶ್ರ ಸರ್ಕಾರ ಕೆಆರ್‌ಎಸ್‌ನ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾಡುತ್ತೇವೆ, 125 ಅಡಿಯ ಕಾವೇರಿ ಪ್ರತಿಮೆ ನಿಲ್ಲಿಸುತ್ತೇವೆ ಎಂದಿತು. ಸರ್ಕಾರ ಬಿತ್ತು, ಕನಸು ಬೀಳಲಿಲ್ಲ. 2024ರ ಜುಲೈನಲ್ಲಿ ಈಗಿನ ಸಂಪುಟ 2,663.74 ಕೋಟಿ ರೂಪಾಯಿ ಅಂದಾಜಿನ ಬೃಂದಾವನ ‘ಮೇಲ್ದರ್ಜೆ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೇಗೆ ಕಟ್ಟುತ್ತಾರೆ? ಸರ್ಕಾರಿ ಖಾಸಗಿ ಸಹಭಾಗಿತ್ವದಲ್ಲಂತೆ. ಮಂಡ್ಯದ ರೈತರು ಬೀದಿಗಿಳಿದು, ಅಣೆಕಟ್ಟೆಯ ಬುಡದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್ ಬೇಡ, ಮೊದಲು ನಾಲೆಯ ಕೊನೆಗೆ ನೀರು ಕೊಡಿ ಎಂದರೆ ಅವರಿಗೆ ಅಭಿವೃದ್ಧಿ ವಿರೋಧಿಗಳ ಪಟ್ಟ. ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆ ಎಂಜಿನಿಯರುಗಳಿಗಿರಲಿ. ನನ್ನ ಪ್ರಶ್ನೆ ಬಾಡಿಗೆಯದು.

ನಮ್ಮವರು ಇಂಥ ಒಪ್ಪಂದಗಳಲ್ಲಿ ಅಮೆರಿಕನ್ನರಿಗೇನೂ ಕಡಿಮೆಯಿಲ್ಲ. ಆನಹೈಮ್ ಬಾಂಡ್ ಎತ್ತುತ್ತಿದ್ದ ಕಾಲಕ್ಕೇ, 1997ರಲ್ಲಿ, ಬೆಂಗಳೂರು–ಮೈಸೂರು ಕಾರಿಡಾರಿನ ಚೌಕಟ್ಟು ಒಪ್ಪಂದಕ್ಕೆ ನಮ್ಮ ಸರ್ಕಾರ ಸಹಿ ಹಾಕಿತು. ಅದರಲ್ಲಿ ಸರ್ಕಾರಿ ಜಮೀನಿನ ಗುತ್ತಿಗೆ ಎಕರೆಗೆ ವರ್ಷಕ್ಕೆ 10 ರೂಪಾಯಿ. ಮೈಸೂರು ತಲುಪಬೇಕಿದ್ದ ಆ ನೈಸ್ ರಸ್ತೆ ಬೆಂಗಳೂರಿನ ಹೊರವಲಯದಲ್ಲೇ ಸುತ್ತುತ್ತಿದೆ. ಟೋಲು ಮಾತ್ರ ತಪ್ಪದೆ ಎತ್ತುತ್ತಾರೆ. ಸದನ ಸಮಿತಿ ಕೂತಿತು, ವರದಿ ಬಂತು, ಕೇಸುಗಳು ನಡೆದವು. ಆ ಹತ್ತು ರೂಪಾಯಿಯಲ್ಲಿ ಇವತ್ತು ನೈಸ್ ರಸ್ತೆಯ ಪಕ್ಕದ ಗಾಡಿಯಲ್ಲಿ ಒಂದು ಟೀ ಸಿಕ್ಕರೆ ಪುಣ್ಯ. ಹೀಗಿರುವ ನಾಡಿನಲ್ಲಿ ‘ಸಹಭಾಗಿತ್ವ’ ಎಂದಾಗ ಜನ ಬೆಚ್ಚಿಬೀಳದೆ ಚಪ್ಪಾಳೆ ತಟ್ಟಬೇಕೇ?

ಬೃಂದಾವನ ನಮ್ಮ ಜನರ ಹಣದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ ಅರಳಿದ ತೋಟ. ಶಾಲಾ ಪ್ರವಾಸದ ಬಸ್ಸಿನಲ್ಲಿ ಹೋಗಿ ಸಂಜೆಯ ಕಾರಂಜಿ ನೋಡದ ಹಳೇ ಮೈಸೂರಿನ ಮಕ್ಕಳು ಎಷ್ಟಿದ್ದಾರು? ನಾಳೆ ಅದೇ ಕಾರಂಜಿಗೆ ಬೆಳ್ಳಿ ಟಿಕೆಟ್, ಚಿನ್ನದ ಟಿಕೆಟ್ ಬಂದು, ಪಾರ್ಕಿಂಗ್ ಕಟ್ಟಡವನ್ನು ಸರ್ಕಾರದ ಖರ್ಚಿನಲ್ಲಿ ಕಟ್ಟಿ ಗುತ್ತಿಗೆದಾರರ ಕೈಗಿಟ್ಟರೆ, ಆಗಲೂ ಇದೇ ಮಹನೀಯರು “ಖಾಸಗಿ ಕಂಪನಿ ಸ್ವಾಮಿ” ಎನ್ನಲು ಸಿದ್ಧವಾಗಿ ಕೂತಿರುತ್ತಾರೆ.

ಆದ್ದರಿಂದ ಉಪಮುಖ್ಯಮಂತ್ರಿ, ಪ್ರವಾಸೋದ್ಯಮ ಸಚಿವ ಎಂಬ ಭೇದವಿಲ್ಲದೆ ಈ ಯೋಜನೆಯ ಕಡತ ಯಾರ ಮೇಜಿನ ಮೇಲಿದೆಯೋ ಅವರಿಗೆ ನನ್ನ ಕೇಳಿಕೆ ಇಷ್ಟೆ. ರೋಲರ್ ಕೋಸ್ಟರಿನ ಚಿತ್ರ ತೋರಿಸಬೇಡಿ. ಸಹಿ ಹಾಕುವ ಮುನ್ನ ಗುತ್ತಿಗೆ ಒಪ್ಪಂದದ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ಜಾಗ ಎಷ್ಟು ವರ್ಷಕ್ಕೆ, ಬಾಡಿಗೆ ಎಷ್ಟು, ಪಾರ್ಕಿಂಗ್ ದುಡ್ಡು ಯಾರಿಗೆ, ಗುತ್ತಿಗೆ ಮುಗಿದ ಮೇಲೆ ಕಟ್ಟಡ ಯಾರದು ಎಂಬ ನಾಲ್ಕು ಸಾಲು ಅದರಲ್ಲಿ ದಪ್ಪ ಅಕ್ಷರದಲ್ಲಿರಲಿ.