ಬಟನ್ ಸೆಲ್ಲಿನ ಆಯುಷ್ಯ

ವಿದ್ಯುತ್ತಿನ ಬೆಲೆಯೇನೆಂಬುದನ್ನು ಹಡಗಲಿ ತಾಲ್ಲೂಕಿನವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಮೂರು ಫೇಸಿನ ಕರೆಂಟು ಬರುವ ಕೆಲವು ತಾಸುಗಳಿಗಾಗಿ ಸರಿರಾತ್ರಿಯಲ್ಲೆದ್ದು ಹೊಲಕ್ಕೆ ನಡೆಯುವುದು ಇಟ್ಟಿಗಿಯ ಸುತ್ತಿನ ಒಕ್ಕಲು ಮನೆತನಗಳಿಗೆ ಹೊಸದಲ್ಲ. ಆದರೆ ಈಚೆಗೆ ನಮ್ಮ ಹೊಲಗಳಿಗೂ ಪ್ರಯೋಗಶಾಲೆಗಳಿಗೂ ಕಾಲಿಡುತ್ತಿರುವ ಒಂದು ಬಗೆಯ ಉಪಕರಣದ ಮಿತವ್ಯಯವು ಆಂಪಿಯರಿನ ಹತ್ತು ಲಕ್ಷದ ಒಂದಂಶದ, ಅಂದರೆ ಮೈಕ್ರೋಆಂಪಿಯರಿನ ಲೆಕ್ಕದ್ದು. ಆ ಲೆಕ್ಕವನ್ನು ನಮ್ಮ ಶಾಲೆಗಳು ಕಲಿಸುತ್ತಿಲ್ಲವೆಂಬುದೇ ಈ ಲೇಖಕನ ಆಕ್ಷೇಪ.

ಅಲ್ಪಶಕ್ತಿಯ ಬ್ಲೂಟೂತ್ ಎಂಬ ನಿಸ್ತಂತು ವ್ಯವಸ್ಥೆಯು ೨೦೦೬ರಲ್ಲಿ ನೋಕಿಯಾ ಸಂಸ್ಥೆಯು ವೈಬ್ರೀ ಎಂಬ ಹೆಸರಿನಿಂದ ಪ್ರಕಟಿಸಿದ ತಂತ್ರದಿಂದ ಮೊಳೆತು, ೨೦೧೦ರಲ್ಲಿ ಬ್ಲೂಟೂತಿನ ೪.೦ನೆಯ ಆವೃತ್ತಿಯಲ್ಲಿ ಸೇರಿತು. ೨೦೨೦ರ ಕೋವಿಡ್ ಕಾಲದಲ್ಲಿ ‘ಆರೋಗ್ಯ ಸೇತು’ವು ಸಮೀಪದ ಮೊಬೈಲುಗಳನ್ನು ಗುರುತಿಸುತ್ತಿದ್ದುದು ಇದರ ಮೂಲಕವೇ.

ಸಿ.ಆರ್. ೨೦೩೨ ಎಂಬ ಬಟನ್ ಸೆಲ್ಲು ಸುಮಾರು ೨೨೦ ಮಿಲಿಆಂಪಿಯರ್–ಗಂಟೆಗಳಷ್ಟು ಶಕ್ತಿಯನ್ನು ಹಿಡಿದಿರುತ್ತದೆ. ರೇಡಿಯೋ ಸದಾ ಎಚ್ಚರವಿದ್ದು ೫ ಮಿಲಿಆಂಪಿಯರ್ ಎಳೆದರೆ ಅದು ೪೪ ಗಂಟೆಗಳಲ್ಲಿ, ಎರಡು ದಿನ ತುಂಬುವ ಮೊದಲೇ, ಬರಿದಾಗುತ್ತದೆ. ಸರಾಸರಿ ೧೦ ಮೈಕ್ರೋಆಂಪಿಯರಿಗೆ ಇಳಿಸಿದರೆ ಲೆಕ್ಕದ ಪ್ರಕಾರ ೨೨,೦೦೦ ಗಂಟೆ, ಅಂದರೆ ಎರಡೂವರೆ ವರ್ಷ. ಸೆಲ್ಲೂ ಅದೇ, ರೇಡಿಯೋ ಕೂಡ ಅದೇ, ವ್ಯತ್ಯಾಸವಿರುವುದು ನಿದ್ರೆಯಲ್ಲಿ. ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಸಣ್ಣದೊಂದು ಸ್ಫಟಿಕ ಗಡಿಯಾರವನ್ನು ಮಾತ್ರ ಎಚ್ಚರವಿಟ್ಟು ಉಳಿದುದೆಲ್ಲವೂ ಮಲಗುತ್ತದೆ. ನಿಗದಿತ ಕಾಲಕ್ಕೆ ಎದ್ದು, ಮೂರು ತರಂಗಮಾರ್ಗಗಳಲ್ಲಿ ಕೆಲವೇ ಮಿಲಿಸೆಕೆಂಡು ಕೂಗಿ, ಮತ್ತೆ ಮಲಗುತ್ತದೆ. ಎರಡು ಕೂಗುಗಳ ನಡುವಣ ಅಂತರವನ್ನು ೨೦ ಮಿಲಿಸೆಕೆಂಡಿನಿಂದ ಹತ್ತು ಸೆಕೆಂಡಿಗೂ ತುಸು ಮಿಗಿಲಾಗಿ ಇರಿಸಬಹುದು. ಅಕ್ಕಪಕ್ಕದ ಉಪಕರಣಗಳು ಪದೇ ಪದೇ ಒಟ್ಟಿಗೆ ಕೂಗಿ ಮಾತು ಕೆಡದಂತೆ, ಪ್ರತಿ ಸಲವೂ ಹತ್ತು ಮಿಲಿಸೆಕೆಂಡಿನೊಳಗಿನ ಅನಿಯತ ವಿಳಂಬವೊಂದನ್ನು ಸೇರಿಸಲಾಗುತ್ತದೆ. ಕರೆಂಟು ಬಂದೊಡನೆ ಆಟೋ ಸ್ಟಾರ್ಟರುಗಳು ಎಲ್ಲ ಮೋಟಾರುಗಳನ್ನೂ ಒಮ್ಮೆಲೇ ಚಾಲೂ ಮಾಡಿ ಟಿ.ಸಿ. ಸುಟ್ಟುದನ್ನು ಕಂಡ ನಮ್ಮ ರೈತರಿಗೆ ಈ ವಿವೇಕ ಬಹುಬೇಗ ಅರ್ಥವಾದೀತು!

ಇಷ್ಟೊಂದು ಜಾಣ್ಮೆಯನ್ನು ನಾವು ಕೆಡಿಸುವ ಬಗೆ ಮಾತ್ರ ಅತ್ಯಂತ ಸಾಮಾನ್ಯವಾದುದು. ಹಲಗೆಯ ಮೇಲೆ ಅಂದಕ್ಕೆಂದು ಉರಿಯುವ ಸಣ್ಣ ಎಲ್‌ಇಡಿ ದೀಪವೊಂದು ೨ ಮಿಲಿಆಂಪಿಯರ್ ಎಳೆದರೆ ಅದೇ ಸೆಲ್ಲು ಐದು ದಿನವೂ ಬಾಳದು. ವೋಲ್ಟೇಜ್ ನಿಯಂತ್ರಕವು ತನ್ನಷ್ಟಕ್ಕೆ ತಾನೇ ಕುಡಿಯುವುದು ಬೇರೆ. ಸಾಧಾರಣ ಮಲ್ಟಿಮೀಟರು ಇದನ್ನೆಲ್ಲ ಸರಿಯಾಗಿ ತೋರಿಸಲಾರದು. ಮಿಲಿಸೆಕೆಂಡಿನಲ್ಲಿ ಸಾವಿರ ಪಟ್ಟು ಏರಿಳಿಯುವ ಪ್ರವಾಹವನ್ನು ಅದು ಹಿಂಬಾಲಿಸಲಾರದು.

ಇದು ಕೇವಲ ಪಟ್ಟಣದವರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ೨೦೦೦ದ ದಶಕದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ಸಂಸ್ಥೆಯೊಡಗೂಡಿ, ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ ಮಳೆಯಾಶ್ರಿತ ರೈತರಿಗಾಗಿ ಮಣ್ಣಿನ ತೇವವನ್ನು ಅಳೆಯುವ ನಿಸ್ತಂತು ಜಾಲವನ್ನು ಹೂಡಿತು. ಅಲ್ಲಿದ್ದುದು ಬ್ಲೂಟೂತ್ ಅಲ್ಲ, ಬೇರೆ ಬಗೆಯ ರೇಡಿಯೋ. ಆದರೆ ಬ್ಯಾಟರಿಯ ಚಿಂತೆ ಇದೇ. ನಾಳೆ ಹಡಗಲಿಯ ಮಲ್ಲಿಗೆ ತೋಟದಲ್ಲಿ ಹೂಳಿದ ತೇವಮಾಪಕವೊಂದು ವಾರದೊಳಗೆ ಮೂಕವಾದರೆ, ದೋಷ ದೀಪದ್ದೋ ನಿಯಂತ್ರಕದ್ದೋ ಎಂದು ರೈತನು ಶೋಧಿಸುತ್ತ ಕೂರುವುದಿಲ್ಲ. ವಿಜ್ಞಾನವೇ ಸುಳ್ಳೆಂದು ತೀರ್ಮಾನಿಸುತ್ತಾನೆ. ಒಮ್ಮೆ ಹೋದ ಆ ನಂಬಿಕೆಯನ್ನು ಮರಳಿ ಗಳಿಸುವುದು ದುಸ್ತರ.

ಆದುದರಿಂದ ದಾನಿ ಮಹನೀಯರಲ್ಲಿ ಒಂದು ವಿಜ್ಞಾಪನೆ. ಹತ್ತು ಹೊಸ ಕಿಟ್ಟುಗಳ ಬದಲು ಐದನ್ನು ಕೊಡಿಸಿ, ಉಳಿದ ಹಣದಲ್ಲಿ ಒಂದು ಆಸಿಲೋಸ್ಕೋಪನ್ನು ಕೊಡಿಸಿರಿ. ಸೆಲ್ಲಿನ ಮಾರ್ಗದಲ್ಲಿ ಹತ್ತು ಓಮಿನ ರೋಧಕವನ್ನು ಇಟ್ಟರೆ ೫ ಮಿಲಿಆಂಪಿಯರಿನ ಕೂಗು ೫೦ ಮಿಲಿವೋಲ್ಟಿನ ಗೆರೆಯಾಗಿ ಮಕ್ಕಳ ಕಣ್ಣೆದುರು ಏಳುತ್ತದೆ. ಬೆಂಗಳೂರಿನಲ್ಲಿ ಇದೇ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನ ಬಂದು ಅದನ್ನು ಓದುವುದನ್ನು ಕಲಿಸಲಿ. ಅಧ್ಯಾಪಕ ಬಂಧುಗಳು ಅಷ್ಟರವರೆಗೆ ಕಾಯಬೇಕಿಲ್ಲ. ಒಂದೇ ಬಗೆಯ ಎರಡು ಮಾಡ್ಯೂಲುಗಳಿಗೆ ಒಂದೇ ದಿನ ಹೊಸ ಸೆಲ್ಲುಗಳನ್ನು ಹಾಕಿ, ಒಂದರ ದೀಪವನ್ನು ಉರಿಯಬಿಟ್ಟು, ಇನ್ನೊಂದರ ದೀಪವನ್ನು ಕಿತ್ತು, ಹತ್ತನೆಯ ತರಗತಿಯ ಗೋಡೆಯ ಮೇಲೆ ಅಂದಿನ ತಾರೀಖನ್ನು ಬರೆದಿಡಲಿ.