ಬ್ಯಾಟರಿ ಮುಗಿಯುವ ಮುನ್ನ



ಕಳೆದ ಸಂಚಿಕೆಯಲ್ಲಿ ಹೋಳಿಗೆ ಕಣಕ ನಾದುವ ಬಗ್ಗೆ ಬರೆದಿದ್ದೆ. ಈ ಸಲ ಕಬ್ಬಿಣದ ವಿಷಯ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಮನೆ ನೋಡಿಕೊಂಡಿರುವ ಈ ಕಾಕೂಗೆ ಲೇತ್ ಯಂತ್ರದ ಗೊಡವೆ ಏಕೆ ಎಂದು ನಗಬೇಡಿ. ಓದಿ ಮುಗಿಸಿದ ಮೇಲೆ ನಗಬಹುದು.

ನಿಮ್ಮ ಅಜ್ಜಂದಿರ ಕೈಗಡಿಯಾರದ ಮೇಲೆ ಎಚ್.ಎಂ.ಟಿ. ಎಂದು ಬರೆದದ್ದನ್ನು ನೋಡಿರುತ್ತೀರಿ. ಅದರ ಪೂರ್ತಿ ಹೆಸರು ಹಿಂದೂಸ್ತಾನ್ ಮೆಶೀನ್ ಟೂಲ್ಸ್. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಅದು ಹುಟ್ಟಿದಾಗ ಗಡಿಯಾರದ ಮಾತೇ ಇರಲಿಲ್ಲ, ಯಂತ್ರಗಳನ್ನು ಮಾಡುವ ಯಂತ್ರಗಳ ಕಾರ್ಖಾನೆ ಅದು. ಗಡಿಯಾರ ಬಂದದ್ದು 1961ರಲ್ಲಿ. ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಅವರ ಹಳೆಯ ಲೇತ್‌ಗಳು ಮಾತ್ರ ಇನ್ನೂ ಎಷ್ಟೋ ಶೆಡ್ಡುಗಳಲ್ಲಿ ತಿರುಗುತ್ತಿವೆ. ಅದಕ್ಕೂ ಹಿಂದೆ, 1941ರಲ್ಲೇ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿತ್ತು. ನಮ್ಮ ಯಜಮಾನರ ತಂದೆ ಹರಿಹರದಲ್ಲಿ ಲೇತಿನ ಮುಂದೆ ನಿಂತು ಜೀವನ ಕಳೆದವರು. ಆದ್ದರಿಂದ ಕೋಪರಿಯಲ್ಲಿ ಸಂಸಾರ ಹೂಡಿದ ಮೇಲೆ ಇವರು ವಾಗಳೆ ಇಸ್ಟೇಟಿನಲ್ಲಿ ಒಂದು ಸಣ್ಣ ಶೆಡ್ಡು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಆ ಶೆಡ್ಡಿನಲ್ಲಿ ಒಂದು ಸಿ.ಎನ್.ಸಿ. ಲೇತ್ ಇದೆ. ಎಂಬತ್ತರ ದಶಕದ ಕೊನೆಯದು, ನಾವು ಕೊಂಡಾಗಲೇ ಸೆಕೆಂಡ್ ಹ್ಯಾಂಡ್. ಸಿ.ಎನ್.ಸಿ. ಎಂದರೆ ಅಂಕಿಗಳ ಅಪ್ಪಣೆಯಂತೆ ನಡೆಯುವ ಯಂತ್ರ. ಈ ಬಗೆಯ ಯಂತ್ರವನ್ನು ಮೊದಲು ಜನರಿಗೆ ತೋರಿಸಿದ್ದು 1952ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ. ಆಗ ಅಪ್ಪಣೆ ತೂತು ಕೊರೆದ ಪಟ್ಟಿಯ ಮೇಲಿರುತ್ತಿತ್ತು. ನಮ್ಮದರಲ್ಲಿ ಪಕ್ಕಕ್ಕೊಂದು ಕಬ್ಬಿಣದ ಬೀರು, ಬೀರುವಿನ ತುಂಬ ಹಸಿರು ಕಾರ್ಡುಗಳು, ಮುಂದೆ ಒಂದು ಪುಟ್ಟ ಕಪ್ಪು-ಬಿಳುಪು ಪರದೆ.

ಕಬ್ಬಿಣಕ್ಕೆ ಮುಪ್ಪು ನಿಧಾನ. ಲೇತಿನ ಎರಕದ ಮೈ ಮೂವತ್ತು ವರ್ಷಕ್ಕೆ ಇನ್ನಷ್ಟು ಪಳಗುತ್ತದೆ, ಎಣ್ಣೆ ಬಿಟ್ಟರೆ ನಡೆಯುತ್ತದೆ. ಮುಪ್ಪು ಬರುವುದು ಬೀರುವಿನೊಳಗೆ.

2023ರ ಜನವರಿ, ಸಂಕ್ರಾಂತಿಯ ವಾರ. ಬೆಳಿಗ್ಗೆ ಯಂತ್ರ ಹಚ್ಚಿದರೆ ಪರದೆ ನಡುಗುವುದು, ಏನೇನೋ ಅಲಾರಂ, ಒಂದೊಂದು ದಿನ ಒಂದೊಂದು ನಂಬರ್. ಒಂದು ತಾಸು ಹಾಗೇ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಕೆಲಸ ಮಾಡುವುದು. ನಾಲ್ಕೈದು ದಿನದಲ್ಲಿ ಆ ಒಂದು ತಾಸು ಮೂರು ತಾಸಾಯಿತು. ನೋಡಲು ಬಂದ ಮೊದಲನೆಯವರು, ಹೆಸರು ಬೇಡ, ಬಾಗಿಲು ತೆರೆದು ಮುಚ್ಚಿ, "ಇದರ ಕಾರ್ಡು ಈಗ ಬರುವುದಿಲ್ಲ, ಹೊಸ ಕಂಟ್ರೋಲ್ ಹಾಕಿಸಿ, ಇಲ್ಲವೇ ಭಂಗಾರಕ್ಕೆ ಕೊಡಿ" ಎಂದರು. ಹೊಸ ಕಂಟ್ರೋಲ್ ಎಂದರೆ ಲಕ್ಷಗಳ ಲೆಕ್ಕ. ಶೆಡ್ಡಿನಲ್ಲಿ ಮೂವರು ಕೆಲಸಗಾರರು. ಇವರು ಆ ರಾತ್ರಿ ಊಟಕ್ಕೆ ಕುಳಿತು ಸಾರಿಗೆ ಉಪ್ಪಿಲ್ಲದ್ದನ್ನೂ ಗಮನಿಸಲಿಲ್ಲ.

ಆಗ ಯಾರೋ ಡೊಂಬಿವಲಿಯ ಒಬ್ಬ ನಿವೃತ್ತ ಮೆಕ್ಯಾನಿಕ್ ಹೆಸರು ಹೇಳಿದರು. ಬೆಂಗಳೂರಿನಲ್ಲಿ ಕೆಲಸ ಕಲಿತವರು, ನಮ್ಮವರೇ. ತಮ್ಮ ಹೆಸರು ಪತ್ರಿಕೆಯಲ್ಲಿ ಬರಬಾರದೆಂದು ಕಟ್ಟಪ್ಪಣೆ ಮಾಡಿದ್ದಾರೆ. ಆದ್ದರಿಂದ ರಾಯರು ಎನ್ನುತ್ತೇನೆ.

ರಾಯರು ಬಂದು ಮಾಡಿದ ಮೊದಲ ಕೆಲಸವೆಂದರೆ ಏನನ್ನೂ ಮುಟ್ಟದೇ ನಿಂತದ್ದು. ಪರದೆಯ ಮೂಲೆಯಲ್ಲಿ 'ಬ್ಯಾಟ್' ಎಂಬ ಮೂರಕ್ಷರ ಮಿಟುಕುತ್ತಿತ್ತು. "ಇದು ಎಷ್ಟು ದಿನದಿಂದ ಮಿಟಕತದ?" ಎಂದು ಕೇಳಿದರು. ಕೆಲಸಗಾರರು ಮುಖ ಮುಖ ನೋಡಿಕೊಂಡರು. ದೀಪಾವಳಿಗೂ ಮೊದಲಿನಿಂದ! "ಹಂಗಾದ್ರ ಮೇನ್ ಸ್ವಿಚ್ ಯಾರೂ ಮುಟ್ಟಬ್ಯಾಡ್ರಿ. ಕಾಗದ ಪೆನ್ ತರ್ರಿ. ರಿಪೇರಿ ಆಮ್ಯಾಲೆ."

ಅವರ ಗಾಬರಿಗೆ ಕಾರಣವಿತ್ತು. ಆ ಕಾಲದ ಇಂಥ ಯಂತ್ರಗಳಲ್ಲಿ ಪ್ಯಾರಾಮೀಟರ್ ಎಂಬ ನೂರಾರು ಅಂಕಿಗಳಿರುತ್ತವೆ. ಮೋಟಾರು ಎಷ್ಟು ಸುತ್ತಿದರೆ ಹತಾರ ಎಷ್ಟು ಸರಿಯಬೇಕು, ಎಲ್ಲಿ ನಿಲ್ಲಬೇಕು, ಯಾವುದು ಮನೆ, ಎಷ್ಟು ವೇಗ ಮೀರಬಾರದು, ತಿರುಪಿನಲ್ಲಿ ಎಷ್ಟು ಸಡಿಲು ಇದೆ, ಅದಕ್ಕೆ ಎಷ್ಟು ಕೂಡಿಸಬೇಕು, ಎಲ್ಲವೂ ಅದರಲ್ಲಿ. ಸಡಿಲು ಒಂದೊಂದು ಯಂತ್ರಕ್ಕೆ ಒಂದೊಂದು. ಅದೇ ಮಾಡೆಲಿನ ಬೇರೆ ಯಂತ್ರದ ಪಟ್ಟಿ ತಂದು ಹಾಕಿದರೆ ಪೂರ್ತಿ ಸರಿಹೋಗುವುದಿಲ್ಲ. ಈ ಅಂಕಿಗಳು ಕುಳಿತಿರುವ ಚಿಪ್ಪಿಗೆ ಸ್ವಂತ ನೆನಪಿಲ್ಲ. ಕರೆಂಟು ಇರುವ ತನಕ ಮಾತ್ರ ನೆನಪು. ಯಂತ್ರ ಆರಿಸಿದಾಗ ಅದನ್ನು ಕಾಯುವುದು ಬ್ಯಾಟರಿ. ನಮ್ಮದರಲ್ಲಿ ಟಾರ್ಚಿಗೆ ಹಾಕುವಂಥ ದೊಡ್ಡ ಸೆಲ್ಲು, ಮೂರೇ ಮೂರು. ಅಷ್ಟು ದೊಡ್ಡ ಯಂತ್ರದ ಬುದ್ಧಿಯೆಲ್ಲ ಮೂರು ಸೆಲ್ಲಿನ ಮೇಲೆ ನಿಂತಿದೆ ಎಂದು ನನಗೆ ಆ ದಿನವೇ ಗೊತ್ತಾದದ್ದು. ಸೆಲ್ಲು ಬದಲಿಸುವುದಾದರೂ ಯಂತ್ರ ಚಾಲೂ ಇರುವಾಗಲೇ ಬದಲಿಸಬೇಕು. ಒಳ್ಳೆಯ ಹುಡುಗರ ಹಾಗೆ ಮೇನ್ ಆರಿಸಿ ಸೆಲ್ಲು ತೆಗೆದಿರೋ, ಎಲ್ಲ ಮುಗಿಯಿತು.

ಪಕ್ಕದ ಶೆಡ್ಡಿನವರಿಗೆ ಆದದ್ದು ಅದೇ. ಸೆಲ್ಲು ಮೊದಲೇ ಸೋತಿತ್ತು. 2020ರ ಲಾಕ್‌ಡೌನಿನಲ್ಲಿ ವಾರಗಟ್ಟಲೆ ಬೀಗ ಬಿತ್ತು. ತೆರೆದು ನೋಡಿದಾಗ ಯಂತ್ರಕ್ಕೆ ತಾನು ಯಾರೆಂಬುದೇ ಮರೆತುಹೋಗಿತ್ತು. ತಯಾರಕರು ಕೊಟ್ಟ ಪಟ್ಟಿಯನ್ನು ಇಲಿ ತಿಂದಿತ್ತೋ, ರದ್ದಿಗೆ ಹೋಗಿತ್ತೋ. ಮೈಯೆಲ್ಲ ಗಟ್ಟಿ ಇದ್ದ ಯಂತ್ರ ಕೆ.ಜಿ. ಲೆಕ್ಕದಲ್ಲಿ ಟೆಂಪೋ ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಸರಿ, ಬರೆದುಕೊಳ್ಳುವ ಕೆಲಸ. ಯಂತ್ರದ ಜೊತೆ ಬಂದ ಮ್ಯಾನ್ಯುಅಲ್ ಜಪಾನಿನಿಂದ ಬಂದ ಇಂಗ್ಲಿಷಿನಲ್ಲಿತ್ತು. ಹಾರ್ಡಿಯನ್ನು ಓದಿದವಳಿಗೆ ಅದು ಬೇರೆಯೇ ಒಂದು ಇಂಗ್ಲಿಷು. ಒಂದು ವಾಕ್ಯಕ್ಕೆ ಕರ್ತೃವೇ ಇರುವುದಿಲ್ಲ, ಇನ್ನೊಂದಕ್ಕೆ ಇಬ್ಬರು. ಆದರೂ ಓದಿದೆ. ಪದವಿ ಪಡೆದು ಇಷ್ಟು ವರ್ಷಕ್ಕೆ ಅದು ಸಂಸಾರದ ಉಪಯೋಗಕ್ಕೆ ಬಂತೆಂದು ಇವರು ಈಗಲೂ ಚೇಷ್ಟೆ ಮಾಡುತ್ತಾರೆ.

ಮಗನನ್ನು ಕರೆಸಿದೆವು. ಅವನು ಬಂದವನೇ, "ಇಷ್ಟಕ್ಕೆ ಬರೆಯೋದ್ಯಾಕೆ?" ಎಂದು ಮೊಬೈಲಿನಲ್ಲಿ ಪಟಪಟ ಫೋಟೋ ಹೊಡೆದ. ನೋಡಿದರೆ ಪ್ರತಿ ಫೋಟೋದಲ್ಲೂ ಅಡ್ಡಡ್ಡ ಕಪ್ಪು ಪಟ್ಟೆ. ಹಳೆಯ ಗಾಜಿನ ಪರದೆ ಒಂದೊಂದೇ ಗೆರೆ ಬೆಳಗಿಸುತ್ತ ಇಳಿಯುತ್ತದೆ, ಮೊಬೈಲಿನ ಕಣ್ಣಿಗೆ ಅರ್ಧ ಸಿಗುತ್ತದೆ, ಅರ್ಧ ಇಲ್ಲ. ಪಟ್ಟೆಯ ಕೆಳಗಿನ ಸೊನ್ನೆ ಯಾವುದು, ಎಂಟು ಯಾವುದು? ಕೊನೆಗೆ ಅವನು ಫೋಟೋ ತೆಗೆಯುವುದು, ನಾನು ಓದುವುದು, ಮಗಳು ಬರೆಯುವುದು ಎಂದಾಯಿತು. ನಾನು ದಣಿದಾಗ ಕೆಲಸದ ಹುಡುಗ ಮರಾಠಿಯಲ್ಲಿ ಓದಿದ. ಅಲ್ಲೊಂದು ಫಜೀತಿ. ಎಪ್ಪತ್ತೊಂದನ್ನು ಅವನು 'ಏಕಾಹತ್ತರ್' ಎನ್ನುತ್ತಾನೆ. ಒಂದು ಮೊದಲು, ಎಪ್ಪತ್ತು ಆಮೇಲೆ. ಮಗಳು ಕೇಳಿದ ಕ್ರಮದಲ್ಲೇ 17 ಎಂದು ಬರೆದಳು. 'ಏಕೋಣತೀಸ್' ಬಂದಾಗ ಪೆನ್ನು ಕೆಳಗಿಟ್ಟು, "ಅಮ್ಮಾ, ನೀನೇ ಓದು" ಎಂದಳು. ಅಲ್ಲಿಂದ ಮುಂದೆ ಬಿಡಿ ಬಿಡಿ ಅಂಕಿ, ಕನ್ನಡದಲ್ಲಿ: ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಏಳನ್ನು ಮಾತ್ರ ಎಳೆದು ಹೇಳಬೇಕಾಯಿತು, ಕಂಪ್ರೆಸರಿನ ಗದ್ದಲದಲ್ಲಿ ಎಂಟು ಎಂದು ಕೇಳುತ್ತಿತ್ತಂತೆ. ರಾತ್ರಿ ಹತ್ತೂವರೆಗೆ ಮುಗಿಯಿತು. ಆಮೇಲೆಯೇ ರಾಯರು ಸೆಲ್ಲು ಬದಲಿಸಿದ್ದು, ಅದೂ ಬೇರೆಯವರನ್ನೆಲ್ಲ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ.

ಮರುದಿನ ರೋಗದ ಮೂಲ ಹುಡುಕಿದರು. ಚಿಪ್ಪುಗಳಿಗೆ 5 ವೋಲ್ಟ್ ಬೇಕು. ಆ ಕಾಲದ ಚಿಪ್ಪುಗಳು 4.75ಕ್ಕಿಂತ ಇಳಿದರೆ ಏನು ಹೇಳುತ್ತವೆಂದು ನಂಬುವ ಹಾಗಿಲ್ಲ. ಪವರ್ ಸಪ್ಲೈ ಹತ್ತಿರ ಅಳೆದರೆ ಪರವಾಗಿಲ್ಲ, ಕೊನೆಯ ಕಾರ್ಡಿನಲ್ಲಿ ಅಳೆದರೆ ಅದಕ್ಕಿಂತ ಕೆಳಗೆ. ದಿನಕ್ಕೊಂದು ಅಲಾರಂ ಬರುವುದು ಅದಕ್ಕೇ; ಕಾರ್ಡುಗಳು ಕೆಟ್ಟಿರಲಿಲ್ಲ, ಹಸಿದಿದ್ದವು. ರಾಯರು ನನ್ನ ಕಡೆ ತಿರುಗಿ, "ಅಕ್ಕಾರ, ಕೂದಲಾ ಒಣಗಸೂ ಮಶೀನ್ ಐತೇನ್ರಿ ಮನ್ಯಾಗ?" ಎಂದರು. ಮರುದಿನ ಬೆಳಿಗ್ಗೆ ಯಂತ್ರ ಹಟ ಹಿಡಿದು ಕುಳಿತಿದ್ದಾಗ ನನ್ನ ಹೇರ್ ಡ್ರೈಯರಿನಿಂದ ಪವರ್ ಸಪ್ಲೈಯ ಒಂದು ಮೂಲೆಗೆ ದೂರದಿಂದ ಬಿಸಿಗಾಳಿ ಊದಿದರು. ಎರಡು ನಿಮಿಷ. ಪರದೆ ನಡುಗುವುದು ನಿಂತಿತು! ಕಳ್ಳ ಅಲ್ಲೇ ಇದ್ದ: ಕೆಪಾಸಿಟರ್.

ಕೆಪಾಸಿಟರ್ ಎಂದರೆ ನಮ್ಮ ಬಿಲ್ಡಿಂಗಿನ ಮೇಲಿನ ನೀರಿನ ಟ್ಯಾಂಕು ಎಂದು ತಿಳಿಯಿರಿ. ಕೆಳಗಿನಿಂದ ಪಂಪು ಬಿಟ್ಟು ಬಿಟ್ಟು ಕಳಿಸಿದರೂ ನಲ್ಲಿಯಲ್ಲಿ ನೀರು ಸಮನಾಗಿ ಬರುವುದು ಟ್ಯಾಂಕಿನಿಂದ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗೆ ಅಲ್ಯೂಮಿನಿಯಂ ಹಾಳೆಯ ಸುರುಳಿ, ನಡುವೆ ಒಂದು ದ್ರವದಲ್ಲಿ ನೆನೆಸಿದ ಕಾಗದ. ವರ್ಷಗಳು ಕಳೆದಂತೆ ಆ ದ್ರವ ಆರುತ್ತದೆ. ಆರಿದ ಕೆಪಾಸಿಟರ್ ತಣ್ಣಗಿದ್ದಾಗ ಇನ್ನಷ್ಟು ಮೊಂಡು, ಬೆಚ್ಚಗಾದರೆ ಸ್ವಲ್ಪ ಮಾತು ಕೇಳುತ್ತದೆ. ಒಂದು ತಾಸು ಬಿಟ್ಟರೆ ಸರಿಹೋಗುತ್ತಿದ್ದುದರ ಗುಟ್ಟು ಇದು. ಇದರ ಆಯುಸ್ಸಿಗೆ ಒಂದು ಅಂದಾಜು ಲೆಕ್ಕವಿದೆ: ಶಾಖ 10 ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿ, 10 ಡಿಗ್ರಿ ಏರಿದರೆ ಅರ್ಧ. ನಮ್ಮ ಬೀರುವಿನ ಫ್ಯಾನು ಎಣ್ಣೆ-ದೂಳು ಮೆತ್ತಿ ಯಾವ ಕಾಲಕ್ಕೆ ನಿಂತಿತ್ತೋ! ಒಂದು ಸಣ್ಣ ಫ್ಯಾನಿನ ಉದಾಸೀನ.

ಆ ಭಾನುವಾರ ಬಿಟ್ಟು ಸೋಮವಾರ ಇವರೂ ನಾನೂ ಠಾಣೆಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ರಾಯರು ಚೀಟಿ ಬರೆದುಕೊಟ್ಟಿದ್ದರು: ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 85 ಡಿಗ್ರಿಯದು ಬೇಡ, 105 ಡಿಗ್ರಿಯದು ತನ್ನಿ, ಅಂಗಡಿಯಲ್ಲಿ ಹತ್ತು ವರ್ಷ ಕೂತ ಹಳೇ ಮಾಲು ಬೇಡ, ಡಬ್ಬಿ ದೊಡ್ಡದಿದ್ದು ತೂಕ ಹಗುರವಾದರೆ ಬೇಡವೇ ಬೇಡ. ಕೊನೆಯದು ಏಕೆಂದರೆ ದೊಡ್ಡ ಡಬ್ಬಿಯೊಳಗೆ ಸಣ್ಣದನ್ನು ಅಡಗಿಸಿ ಮಾರುವ ಖೊಟ್ಟಿ ಮಾಲೂ ಇರುತ್ತದೆ. ನಾನು ಬದನೆಕಾಯಿ ಆರಿಸುವ ಹಾಗೆ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದೆ. ಇವರು ಐದು ಹೆಜ್ಜೆ ದೂರ ನಿಂತರು.

ಬೆಸುಗೆ ಬಿಚ್ಚುವ ಮುನ್ನ ರಾಯರು ಮೇನ್ ಆರಿಸಿ, ಚಹಾ ಕುಡಿದು ಬಂದು, ಮೀಟರಿನಿಂದ ಅಳೆದು ನೋಡಿಯೇ ಕೈ ಹಾಕಿದ್ದು. ಇದನ್ನು ಗಟ್ಟಿಯಾಗಿ ನೆನಪಿಡಿ. ಮನೆಯ 230 ವೋಲ್ಟ್ ಕರೆಂಟನ್ನು ನೇರಗೊಳಿಸಿದರೆ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, ಮೂರು ಫೇಸಿನ ಮೋಟಾರು ಡ್ರೈವಿನಲ್ಲಿ ಅದಕ್ಕೂ ಹೆಚ್ಚು. ಪ್ಲಗ್ಗು ಕಿತ್ತ ಮಾತ್ರಕ್ಕೆ ಅದು ಹೋಗುವುದಿಲ್ಲ. ಯೂಟ್ಯೂಬ್ ನೋಡಿ ಹಳೆಯ ಸ್ಟೀರಿಯೋ ಬಿಚ್ಚುವ ಶೂರರು ನಿಮ್ಮಲ್ಲೂ ಇದ್ದೀರೆಂದು ನನಗೆ ಗೊತ್ತು. ಕಲಿತವರು ಪಕ್ಕದಲ್ಲಿ ಇಲ್ಲದೆ ಕೈ ಹಾಕಬೇಡಿ.

ಕಾವಿಟ್ಟಾಗ ಸೋರಿದ ದ್ರವದಿಂದ ಅಪ್ಪಟ ಮೀನಿನ ವಾಸನೆ ಎದ್ದಿತು. ಹುಡುಗರಿಗೆ ನಗು, ನಾನು ಮೂಗು ಮುಚ್ಚಿಕೊಂಡೆ. ಅದು ಸೋರಿದ ಗುರುತಂತೆ. ಬಿಟ್ಟರೆ ಕಾರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಸ್ಪಿರಿಟ್ಟಿನಿಂದ ಉಜ್ಜಿ ತೊಳೆದರು. ಮಗ ಕಾರ್ಡಿನ ಬಂಗಾರದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಲು ಹೋಗಿ ಬೈಸಿಕೊಂಡ. ತಿಕ್ಕಿದರೆ ಹೊಳೆಯುವುದು ನಿಜ, ಆದರೆ ಲೇಪವೂ ಸವೆಯುತ್ತದೆ. ಸಂಜೆ ಐದಕ್ಕೆ ಯಂತ್ರ ಹಚ್ಚಿದರು. ಕೊನೆಯ ಕಾರ್ಡಿನಲ್ಲಿ 5.02. ಮರುದಿನ ಬೆಳಿಗ್ಗೆ ಚಳಿಯಲ್ಲೂ ಒಂದೇ ಸಲಕ್ಕೆ ಎದ್ದಿತು. ಕೆಪಾಸಿಟರಿಗೂ ಫ್ಯಾನಿಗೂ ಸೇರಿ ಖರ್ಚಾದದ್ದು ಎರಡು ಸಾವಿರದ ಒಳಗೆ.

ವೋಲ್ಟೇಜ್ ಸ್ಥಿರವಾದ ಮೇಲೆ ಮಗ ಲ್ಯಾಪ್‌ಟಾಪಿಗೆ ಕೇಬಲ್ ಕಟ್ಟಿ ಅದೇ ಅಂಕಿಗಳನ್ನು ಇಳಿಸಿಕೊಂಡ. ನಮ್ಮ ಕೈಬರಹಕ್ಕೆ ತಾಳೆ ನೋಡಿದರೆ ಎರಡೇ ಕಡೆ ತಪ್ಪಿದ್ದೆವು. ಒಂದು, ಆ ಹದಿನೇಳು. ಇನ್ನೊಂದು ನನ್ನದು, ಒಂಬತ್ತಕ್ಕೆ ಬಂದಾಗ ಆಕಳಿಸಿದ್ದೆನೇನೋ. ಈಗ ತಿದ್ದಿದ ಪಟ್ಟಿಯ ಒಂದು ಪ್ರತಿ ಬೀರುವಿನ ಬಾಗಿಲಿನ ಒಳಗೆ ಪ್ಲಾಸ್ಟಿಕ್ಕಿನಲ್ಲಿದೆ, ಒಂದು ಮನೆಯಲ್ಲಿ ಮಕ್ಕಳ ಜಾತಕಗಳ ಜೊತೆಗೆ. ಮೂರನೆಯದನ್ನು ರಾಯರು ಕೇಳಿ ತೆಗೆದುಕೊಂಡರು.

ಅದನ್ನು ತಲುಪಿಸಲು ಡೊಂಬಿವಲಿಗೆ ಹೋದಾಗ ಗೊತ್ತಾಯಿತು. ತಾವು ಕೈ ಹಾಕಿದ ಪ್ರತಿ ಯಂತ್ರದ ಪಟ್ಟಿಯನ್ನೂ ರಾಯರು ಇಟ್ಟಿದ್ದಾರೆ, ಮಂಚದ ಕೆಳಗೆ ಎರಡು ಕಬ್ಬಿಣದ ಟ್ರಂಕು ತುಂಬ. ಠಾಣೆ, ಅಂಬರನಾಥ, ರಬಾಳೆ, ಎಲ್ಲೆಲ್ಲಿಯವೋ. ಕೆಲವು ಶೆಡ್ಡುಗಳ ಜಾಗದಲ್ಲಿ ಈಗ ಟವರ್‌ಗಳಿವೆ, ಕೆಲವು ಯಂತ್ರಗಳು ಇನ್ನೂ ನಡೆಯುತ್ತಿವೆ. ಕಾಗದದ ಅಂಚು ಪುಡಿಯಾಗುತ್ತಿದೆ, ಮಸಿ ಮಾಸುತ್ತಿದೆ. ಅವರ ಮಕ್ಕಳಿಬ್ಬರೂ ಸಾಫ್ಟ್‌ವೇರಿನಲ್ಲಿ, ದೂರ. "ನಾ ಹೋದ ಮ್ಯಾಲೆ ರದ್ದಿಗೆ ಹೋಗತಾವ್ರಿ" ಎಂದು ರಾಯರು ಚಹಾದ ಕಪ್ಪಿನೊಳಗೆ ನೋಡುತ್ತ ಹೇಳಿದರು.

ನನ್ನ ಮಗ ಈಗ ತಿಂಗಳಿಗೆರಡು ಭಾನುವಾರ ಸ್ಕ್ಯಾನರ್ ಹೊತ್ತು ಅಲ್ಲಿಗೆ ಹೋಗುತ್ತಾನೆ. ರಾಯರು ಕನ್ನಡದಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಓದಲು ಅವನಿಗೆ ಬಾರದು, ಹಾಗಾಗಿ ಮಗಳೂ ಜೊತೆಗೆ ಹೋಗುತ್ತಾಳೆ. ಬೇಸಿಗೆ ರಜೆಗಳಲ್ಲಿ ಅವಳು ಹರಿಹರದಲ್ಲಿ ಅಜ್ಜಿಯ ಹತ್ತಿರ ಅಕ್ಷರ ಕಲಿತದ್ದಿದೆ. ಒಂದು ಟ್ರಂಕು ಮುಗಿದಿದೆ, ಇನ್ನೊಂದು ಬಾಕಿ. ನಿಮ್ಮಲ್ಲಿ ಯಾರಿಗಾದರೂ ಭಾನುವಾರ ಬಿಡುವಿದ್ದರೆ ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಕನ್ನಡ ಕೈಬರಹ ಓದಬಲ್ಲವರಾದರೆ ಇನ್ನೂ ಒಳ್ಳೆಯದು. ಅವಲಕ್ಕಿ ರಾಯರ ಮನೆಯಲ್ಲಿ ಮಾಡುತ್ತಾರೆ, ಮೊಸರು ನಾನು ಕಳಿಸುತ್ತೇನೆ.